ಭಾನುವಾರದ ಗೆಳೆಯರು

ಪ್ರಶ್ನೆ: ನಾವು ಹಳೇ ಗೆಳೆಯರು ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಸೇರುತ್ತೇವೆ. ವಾಕಿಂಗ್, ಆಮೇಲೆ ತಿಂಡಿ, ಹರಟೆ. ಖುಷಿಯೇ. ಆದರೆ ಒಬ್ಬ ಯಾವಾಗಲೂ ತಡ. ಇನ್ನೊಬ್ಬ ಬಿಲ್ ಬರುವ ಹೊತ್ತಿಗೆ ಫೋನ್ ಹಿಡಿದು ಹೊರಗೆ ಹೋಗುತ್ತಾನೆ. ಹೋಗುವುದನ್ನೇ ಬಿಡಲಾ?

ಉತ್ತರ: ಬಿಡಬೇಡಿ. ವಯಸ್ಸಾದಂತೆ ಹೊಸ ಗೆಳೆಯರು ಸಿಗುವುದು ಕಷ್ಟ, ಹೋಗೋ ಬಾರೋ ಅನ್ನುವಷ್ಟು ಸಲಿಗೆಯವರಂತೂ ಇನ್ನೂ ಕಷ್ಟ, ಅಲ್ವಾ? ಮೊದಲು ಗೇಟಿನಲ್ಲಿ ನಿಂತು ಕಾಯುವುದನ್ನು ನಿಲ್ಲಿಸಿ. ತೋಟ 240 ಎಕರೆ ಇದೆ. ನೀವು ನಡೆಯಲು ಶುರು ಮಾಡಿ, ಗಾಜಿನ ಮನೆ ದಾಟಿ, ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿ, ಅವನು ಬಂದಾಗ ಅಲ್ಲೇ ಸೇರಿಕೊಳ್ಳಲಿ. ಸುಮ್ನೆ ಸಿಟ್ಟು ಮಾಡಿಕೊಂಡು ಬೆಳಗಿನ ತಂಪು ಕಳೆದುಕೊಳ್ಳುವುದು ನನಗಂತೂ ದೊಡ್ಡ ನಷ್ಟ ಅನಿಸುತ್ತದೆ.

ಬಿಲ್ಲಿನ ವಿಷಯ ಬೇರೆ. ಅವನಿಗೆ ದುಡ್ಡಿನ ತೊಂದರೆ ಇದ್ದರೂ ಇರಬಹುದು, ಗೆಳೆಯರ ಹತ್ತಿರ ಹೇಳಿಕೊಳ್ಳಲು ಜಾಸ್ತಿ ಜನರಿಗೆ ಸಂಕೋಚ. ಎಲ್ಲರ ಮುಂದೆ ಕೇಳಬೇಡಿ. ಅವನೊಬ್ಬನನ್ನೇ ಕರೆದುಕೊಂಡು ಹೋಗಿ, ಬೈಟು ಕಾಫಿ ಹೇಳಿ, ಮೆಲ್ಲಗೆ ವಿಚಾರಿಸಿ. ತೊಂದರೆ ಇದ್ದರೆ ಅವನ ಪಾಲು ನೀವೇ ಕೊಟ್ಟುಬಿಡಿ, ಆ ಮಾತು ಬೇರೆಯವರಿಗೆ ಗೊತ್ತಾಗುವುದು ಬೇಡ. ಬರೀ ಅಭ್ಯಾಸ ಅಂತಾದರೆ, ದರ್ಶಿನಿಗೆ ಹೋಗಿ. ಅಲ್ಲಿ ಮೊದಲು ದುಡ್ಡು, ಆಮೇಲೆ ತಿಂಡಿ. ಕೌಂಟರ್ ಮುಂದೆ ನಿಂತು ‘ಈ ವಾರ ನಿಂದು ಕಣೋ’ ಅಂತ ನೇರವಾಗಿ ಹೇಳಿಬಿಡಿ.