ಹನ್ನೊಂದಕ್ಕೆ ಹೋದರೆ ಬಾತು ಮಲಗಿರುತ್ತದೆ

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಕರ್ಕೊಂಡು ಮಾಗಡಿ ಕೆರೆಗೆ ಹೋಗಿದ್ದೆವು. ಮುಟ್ಟಿದಾಗ ಹನ್ನೊಂದು ಗಂಟೆ. ಸಾವಿರಾರು ಹಕ್ಕಿ ಬರುತ್ತವೆ ಅಂತ ಕೇಳಿದ್ದೆವು, ಕಂಡಿದ್ದು ದೂರದ ನೀರಂಚಿನಲ್ಲಿ ಬೂದು ಕಲ್ಲಿನ ಹಾಗೆ ಕೂತ ಒಂದಿಷ್ಟು ಬಾತು. ಮಗ ಮೊಬೈಲ್ ಹಿಡಿದು ಕೂತ. ಎಲ್ಲಿ ತಪ್ಪಿದೆವು?
– ಓದುಗರು, ಹುಬ್ಬಳ್ಳಿ

ಉತ್ತರ: ಜಾಗ ಸರಿ, ತಿಂಗಳೂ ಸರಿ. ಹೊತ್ತು ತಪ್ಪು. (ಬೆಂಗಳೂರಿನವರೇ, ಇದು ನಿಮ್ಮ ಪಕ್ಕದ ಮಾಗಡಿ ಅಲ್ಲ, ಗದಗ ಜಿಲ್ಲೆ ಶಿರಹಟ್ಟಿ ಕಡೆಯದು.) ನೀವು ನೋಡಿದ್ದು ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಅದೇ ಗುರುತು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡುವ ಜಾತಿ ಇದು, ಚಳಿಗೆ ಹಿಮಾಲಯ ದಾಟಿ ಬರುತ್ತದೆ. ಜಿಪಿಎಸ್ ಕಟ್ಟಿ ನೋಡಿದಾಗ ಒಂದು ಬಾತು 7,290 ಮೀಟರ್ ಎತ್ತರದಲ್ಲಿ ಹಾರಿತ್ತು! ಅಷ್ಟು ದೂರ ಬಂದ ಹಕ್ಕಿ ಮಧ್ಯಾಹ್ನ ಮಲಗಿದರೆ ತಪ್ಪೇನು, ಅಲ್ವಾ?

ಮೇವಿಗೆ ಅವು ಸುತ್ತಲಿನ ಕಡಲೆ, ಶೇಂಗಾ ಹೊಲಕ್ಕೆ ಹೋಗುತ್ತವೆ. ಕೆರೆ ಬರೀ ಮಲಗುವ ಮನೆ. ಹಾಗಾಗಿ ನೋಡಬೇಕಾದ್ದು ಬೆಳಿಗ್ಗೆ ವಾಪಸ್ ಬರುವುದನ್ನ, ಸಂಜೆ ಹೊರಡುವುದನ್ನ. ಸಂಜೆ ಐದಕ್ಕೆಲ್ಲ ಏರಿ ಮೇಲೆ ಸುಮ್ನೆ ಕೂತಿರಿ. ಮೊದಲು ಒಂದೆರಡು ಕತ್ತೆತ್ತುತ್ತವೆ. ಒಂದು ಕೂಗುತ್ತದೆ, ಪಕ್ಕದ್ದು ಕೂಗುತ್ತದೆ, ನೋಡನೋಡುತ್ತಲೇ ಆ ಕೂಗು ಇಡೀ ಗುಂಪಿಗೆ ಹತ್ತಿಕೊಂಡು ನಮ್ಮ ಮಾತು ನಮಗೇ ಕೇಳದ ಹಾಗಾಗಿ, ಆಮೇಲೆ ಒಂದೊಂದೇ ತಂಡ ಮೇಲೇಳುತ್ತದೆ. ಬೆಳಿಗ್ಗೆಯಾದರೆ ಇಳಿಯುವುದು ನೋಡಿ: ರೆಕ್ಕೆ ಬಗ್ಗಿಸಿ, ಕಾಲು ಮುಂದೆ ಚಾಚಿ, ನೀರು ಸೀಳಿಕೊಂಡು ನಿಲ್ಲುತ್ತವೆ.

ಫೋಟೋಗೆ ಅಂತ ನೀರಂಚಿಗೆ ಇಳಿಯಬೇಡಿ. ನಾನೊಮ್ಮೆ ಕೆಂಪು ಸ್ವೆಟರ್ ಹಾಕಿಕೊಂಡು ಹತ್ತು ಹೆಜ್ಜೆ ಇಳಿದೆ. ಇಡೀ ಗುಂಪು ಆಚೆ ದಡಕ್ಕೆ ಹೋಯಿತು. ಜೊತೆಗಿದ್ದವರು ವಾಪಸ್ ಬರುವ ದಾರಿಯುದ್ದಕ್ಕೂ ಬೈದರು.

ಪ್ರಶ್ನೆ: ಅಂಗಡಿಯವರು 20 ಪಟ್ಟು ದೊಡ್ಡದಾಗಿ ತೋರಿಸುವ ಬೈನಾಕ್ಯುಲರ್ ತಗೊಳ್ಳಿ ಅಂತಾರೆ. ತಗೊಳ್ಳಲಾ?
– ಓದುಗರು, ದಾವಣಗೆರೆ

ಉತ್ತರ: ಬೇಡ. 20 ಪಟ್ಟು ಅಂದರೆ ಕೈ ನಡುಕವೂ 20 ಪಟ್ಟು. 8×42 ಸಾಕು. ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವುದರಿಂದ ಮಬ್ಬು ಬೆಳಕಿನಲ್ಲೂ ಕೈ ಕೊಡಲ್ಲ.

ಪ್ರಶ್ನೆ: ನೀವೆಲ್ಲ ಕ್ಯಾಮೆರಾ ಹಿಡ್ಕೊಂಡು ಬಂದು ಖುಷಿಪಟ್ಟು ಹೋಗ್ತೀರಿ. ನಮ್ಮ ಕಡಲೆ ಹೋದದ್ದು ಯಾರ ಲೆಕ್ಕಕ್ಕೆ?
– ರೈತರು, ಶಿರಹಟ್ಟಿ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. 2024ರಲ್ಲಿ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ನಾವೆಲ್ಲ ಹೆಮ್ಮೆಪಟ್ಟೆವು. ಮೇವು ಮಾತ್ರ ನಿಮ್ಮ ಹೊಲದ್ದೇ. ಬಾತು ನೋಡಲು ಹೋಗುವವರೇ, ಕಾರನ್ನು ರಸ್ತೆಯಲ್ಲೇ ಬಿಡಿ, ಬದುವಿನ ಮೇಲೆ ಹತ್ತಿಸಬೇಡಿ. ಹೊಲದಲ್ಲಿ ಬಾತು ಕಂಡರೂ ಬೆಳೆ ತುಳಿದುಕೊಂಡು ಹೋಗಬೇಡಿ. ಬಾತು ತಿಂದು ಉಳಿಸಿದ್ದನ್ನಾದರೂ ಅವರು ಕೊಯ್ಯಲಿ.