ಪ್ಲೇಟಿನ ಕತ್ತಿ ನೀರಿನಲ್ಲಿ ಸೀಳಿದ್ದೇಕೆ?

ಪ್ರಶ್ನೆ: ಸೊಪ್ಪು ಕಡಿಯಲು ಊರಿನ ಆಚಾರಿಯವರಿಂದ ಎರಡು ಕತ್ತಿ ಮಾಡಿಸಿದೆವು. ಒಂದು ಹಳೆಯ ಅರದ್ದು, ಇನ್ನೊಂದು ಜೀಪಿನ ಸ್ಪ್ರಿಂಗ್ ಪ್ಲೇಟಿನದು. ಎರಡನ್ನೂ ಕೆಂಪಗೆ ಕಾಯಿಸಿ ನೀರಿಗೇ ಅದ್ದಿದರು. ಅರದ್ದು ಚೆನ್ನಾಗಿದೆ, ಪ್ಲೇಟಿನದು ಬಾಯಿಯಿಂದ ಬೆನ್ನಿನವರೆಗೆ ಸೀಳಿತು. ಪ್ಲೇಟಿನಲ್ಲಿ ಇಂಗಾಲ ಕಡಿಮೆಯಲ್ಲವೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಕಡಿಮೆಯೇ. ಅರದಲ್ಲಿ ಸಾಮಾನ್ಯವಾಗಿ ಶೇ 1ರಿಂದ 1.3, ಪ್ಲೇಟಿನಲ್ಲಿ ಶೇ 0.6ರ ಆಸುಪಾಸು. ಆದರೆ ಉಕ್ಕು ಎಷ್ಟು ಗಡಸಾಗಬಲ್ಲದು ಎಂಬುದಷ್ಟೇ ಇಂಗಾಲದ ಕೈಯಲ್ಲಿದೆ. ಎಷ್ಟು ಬೇಗ ತಣಿಸಬೇಕು, ಗಡಸುತನ ಎಷ್ಟು ಆಳಕ್ಕಿಳಿಯುತ್ತದೆ ಎಂಬುದು ಮುಖ್ಯವಾಗಿ ಮ್ಯಾಂಗನೀಸ್, ಕ್ರೋಮಿಯಂಗಳ ಪ್ರಭಾವ.

ಕಾದ ಉಕ್ಕು ತಣಿಯುತ್ತಾ 550 ಡಿಗ್ರಿಯ ಹತ್ತಿರ ಬಂದಾಗ ಪರ್ಲೈಟ್ ಎಂಬ ಮೆತ್ತಗಿನ ಒಳರಚನೆಯಾಗಲು ಹವಣಿಸುತ್ತದೆ. ಸಾದಾ ಇಂಗಾಲದ ಉಕ್ಕಿಗೆ ಅಲ್ಲಿ ಒಂದು ಸೆಕೆಂಡಿನಷ್ಟು ಹೊತ್ತು ಸಿಕ್ಕರೂ ಕೆಲಸ ಕೆಟ್ಟಿತು. ಆ ಗಡಿಯನ್ನು ರಪ್ಪನೆ ದಾಟಿಸಿದರೆ ಮಾತ್ರ ಮಾರ್ಟೆನ್ಸೈಟ್ ಎಂಬ ಗಡಸಾದ ರಚನೆ ಸಿಗುತ್ತದೆ. ನೀರು ಬೇಕಾಗುವುದು ಅದಕ್ಕೇ. ಆಗಲೂ ದಪ್ಪನೆಯ ಬೆನ್ನಿನ ಒಳಭಾಗ ಮೆತ್ತಗೇ ಉಳಿಯುತ್ತದೆ.

ಪ್ಲೇಟಿನಲ್ಲಿ ಕ್ರೋಮಿಯಂ, ಮ್ಯಾಂಗನೀಸ್ ಸೇರಿ ಈ ಪರ್ಲೈಟನ್ನು ಹಲವು ಸೆಕೆಂಡು ತಡೆದು ನಿಲ್ಲಿಸುತ್ತವೆ. ಹಾಗಾಗಿ ಉಕ್ಕು ತಿರುಳಿನವರೆಗೂ ಗಡಸಾಗುತ್ತದೆ. ಮಾರ್ಟೆನ್ಸೈಟ್ ಆಗುವಾಗ ಉಕ್ಕು ಹಿಗ್ಗುತ್ತದೆ. ನೀರಿನಲ್ಲಿ ಮೇಲ್ಪದರ ಮೊದಲೇ ಬಿಗಿದು ಕುಳಿತಿರುತ್ತದೆ. ಆಮೇಲೆ ತಿರುಳು ಹಿಗ್ಗಿ ಅದನ್ನು ಎಳೆಯುತ್ತದೆ. ಬಗ್ಗಲಾರದ ಪದರ ಸೀಳುತ್ತದೆ. ಅರದ ಕತ್ತಿಯಲ್ಲಿ ಇದಕ್ಕೆ ತದ್ವಿರುದ್ಧ: ತಿರುಳು ಮೆತ್ತಗಿರುವುದರಿಂದ ಮೇಲ್ಪದರ ಎಳೆತಕ್ಕೆ ಬದಲು ಒತ್ತಡದಲ್ಲೇ ಉಳಿದು ಬಿರುಕಿಗೆ ಎಡೆ ಕೊಡುವುದಿಲ್ಲ. ಆಚಾರಿಯವರ ಕೈ ತಪ್ಪಿಲ್ಲ. ಅವರು ಕೊಟ್ಟ ಹದ ಸಾದಾ ಉಕ್ಕಿನದು.

ಇನ್ನು ಕೆಲವು ಪ್ಲೇಟುಗಳಲ್ಲಿ ಶೇ 1.5ರಿಂದ 2ರವರೆಗೆ ಸಿಲಿಕಾನ್ ಇರುತ್ತದೆ. ಅದರ ತೊಂದರೆ ಬೇರೆ. ಕುಲುಮೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹೊರಮೈಯ ಇಂಗಾಲ ಉರಿದುಹೋಗಿ, ಹದ ಸರಿಯಿದ್ದರೂ ಬಾಯಿ ಮೊಂಡು ಎನಿಸುತ್ತದೆ. ಮೇಲ್ಮೈಯನ್ನು ಸ್ವಲ್ಪ ಉಜ್ಜಿ ತೆಗೆದರೆ ಒಳಗಿನ ಒಳ್ಳೆಯ ಉಕ್ಕು ಸಿಗುತ್ತದೆ.

ಮುಂದಿನ ಕತ್ತಿಗೆ ಮುನ್ನ ಅದೇ ಪ್ಲೇಟಿನ ಬೆರಳುದ್ದದ ತುಂಡೊಂದನ್ನು ಪರೀಕ್ಷಿಸಿರಿ. ಆಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಬಣ್ಣ ಇನ್ನೊಂದಿಷ್ಟು ಬೆಳಗಾದಾಗ 50–60 ಡಿಗ್ರಿ ಬೆಚ್ಚಗಿನ ತೆಂಗಿನೆಣ್ಣೆಗೆ ಅದ್ದಿರಿ. ಎಣ್ಣೆ ಹೊತ್ತಿಕೊಳ್ಳಬಹುದು, ಕಬ್ಬಿಣದ ಪಾತ್ರೆ, ಮುಚ್ಚಳ ಎರಡೂ ಇರಲೇಬೇಕು. ತಣಿದ ಮೇಲೆ ಅರ ಹಾಕಿ. ಅರ ಕಚ್ಚದೆ ಜಾರಿದರೆ ಆ ಪ್ಲೇಟಿಗೆ ಎಣ್ಣೆಯೇ ಸಾಕು, ನೀರು ಮುಟ್ಟಿಸಬೇಡಿ. ಆಮೇಲೆ ತುಂಡನ್ನು ಮುರಿದು ನೋಡಿ: ಒಡಕು ನುಣ್ಣಗೆ ಬೂದಿಬಣ್ಣವಿದ್ದರೆ ಕಾವು ಸರಿ, ಹರಳು ಹರಳಾಗಿ ಮಿನುಗಿದರೆ ಅತಿಯಾಯಿತು. ಕತ್ತಿಯನ್ನು ಎಣ್ಣೆಯಿಂದ ತೆಗೆದ ಕೂಡಲೇ, ನಾಳೆಗೆ ಇಡದೆ, ಸುಮಾರು 200 ಡಿಗ್ರಿಗೆ ಮತ್ತೆ ಕಾಯಿಸಿ ಬಿಗಿ ಇಳಿಸಬೇಕು.

ಸೀಳಿದ ಕತ್ತಿಯನ್ನು ವೆಲ್ಡಿಂಗ್ ಮಾಡಿಸಿ ಬಳಸಬೇಡಿ. ಬೀಸುವಾಗ ತುಂಡು ಹಾರಿ ಕಣ್ಣಿಗೋ ಕಾಲಿಗೋ ಬಡಿಯಬಹುದು.