ಸುಡದೆ ಬಿಟ್ಟದ್ದನ್ನು ಮೊದಲು ಬರೆಯಿರಿ

ಯಾದಗಿರಿಯಿಂದ ನೀವು ಕಳಿಸಿದ, ತೀವ್ರ ಕೇಂದ್ರೀಕೃತ ಅಲ್ಟ್ರಾಸೌಂಡ್ (ಕಿವಿಗೆ ಕೇಳದ ಶಬ್ದದ ಅಲೆಗಳನ್ನು ದೇಹದೊಳಗೆ ಒಂದೆಡೆ ಕೂಡಿಸಿ ಗಡ್ಡೆ ನಾಶಮಾಡುವ ಚಿಕಿತ್ಸೆ) ಕುರಿತ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ಅಮೆರಿಕದ ವಿಜ್ಞಾನಿಗಳಾದ ವುಡ್ ಮತ್ತು ಲೂಮಿಸ್ 1927ರಲ್ಲಿ ಪ್ರಕಟಿಸಿದ ಪ್ರಯೋಗ, ಅಲ್ಲಿ ಶಬ್ದದ ಅಲೆಗಳಿಗೆ ಎಣ್ಣೆ ಉಬ್ಬಿ ಹನಿಹನಿಯಾಗಿ ಚಿಮ್ಮಿದ್ದು, ಆ ಭಾಗ ಹಾಗೇ ಇರಲಿ. ಆದರೆ ಎರಡು ವಾಕ್ಯ ಓದಿ ನನಗೆ ಸಿಟ್ಟು ಬಂತು.

"ಸಿಡಿಲಿನಂತೆ ನುಗ್ಗುವ ಈ ಶಬ್ದ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಸುಡುತ್ತ ಹೋಗಿ ಗಡ್ಡೆಯನ್ನು ಭಸ್ಮ ಮಾಡುತ್ತದೆ."

ಸಿಕ್ಕಿದ್ದನ್ನೆಲ್ಲ ಸುಡುವುದಿಲ್ಲ. ಈ ಚಿಕಿತ್ಸೆ ಹುಟ್ಟಿದ್ದೇ ದಾರಿಯಲ್ಲಿರುವುದನ್ನು ಸುಡದೆ ಬಿಡಲಿಕ್ಕಾಗಿ. ಬಟ್ಟಲಿನಾಕಾರದ ಟ್ರಾನ್ಸ್‌ಡ್ಯೂಸರ್‌ನಿಂದ (ವಿದ್ಯುತ್ತನ್ನು ಶಬ್ದದ ಅಲೆಯಾಗಿಸುವ ಸಾಧನ) ಹೊರಟ ಅಲೆಗಳು ಚರ್ಮ ದಾಟುವಾಗ ಅಗಲಕ್ಕೆ ಹರಡಿಕೊಂಡಿರುತ್ತವೆ, ಅಲ್ಲಿ ಬಿಸಿ ಅಲ್ಪ. ಅವೆಲ್ಲ ಕೂಡುವ ಸಂಗಮ ಬಿಂದು 1–3 ಮಿ.ಮೀ. ಅಗಲ, 10 ಮಿ.ಮೀ. ಆಸುಪಾಸು ಉದ್ದ. ಅಷ್ಟು ಜಾಗದಲ್ಲಿ ಮಾತ್ರ ಕೆಲವೇ ಸೆಕೆಂಡಿನಲ್ಲಿ 60 ಡಿಗ್ರಿ ಸೆಲ್ಸಿಯಸ್ ದಾಟಿ ಜೀವಕೋಶಗಳು ಸಾಯುತ್ತವೆ. ಚರ್ಮ ಸುಟ್ಟ ಪ್ರಕರಣಗಳೂ ಇವೆ. ಅದನ್ನು ಅಡ್ಡಪರಿಣಾಮವೆಂದು ಬೇರೆಯಾಗಿ ಹೇಳಿ. "ಭಸ್ಮ" ಎಲ್ಲಿಂದ ಬಂತು? ಅಲ್ಲಿ ಪ್ರೋಟೀನು ಹೆಪ್ಪುಗಟ್ಟುತ್ತದೆ, ಬೂದಿಯಾಗುವುದಿಲ್ಲ. ಮೊಟ್ಟೆಯ ಬಿಳಿ ಬೆರೆಸಿದ ಪಾರದರ್ಶಕ ಜೆಲ್ ಮೇಲೆ ಇದನ್ನು ಪರೀಕ್ಷಿಸುತ್ತಾರೆ. ಬಿಸಿ ತಾಗಿದಲ್ಲಿ ಬೆಳ್ಳಗಾಗುತ್ತದೆ, ಸುತ್ತಲೂ ತಿಳಿಯಾಗಿಯೇ ಉಳಿಯುತ್ತದೆ. ಅದನ್ನು ಬರೆಯಬಹುದಿತ್ತಲ್ಲ!

ಕಲಬುರಗಿಯಲ್ಲಿ ಸ್ಕ್ಯಾನಿಂಗ್‌ಗೆ ಸರದಿ ಕಾಯುತ್ತ ಕೂತ ಬಸುರಿ ಹೆಣ್ಣುಮಗಳು ಈ ವಾಕ್ಯ ಓದಿದರೆ ಎದ್ದು ಮನೆಗೆ ಹೋದಾಳು. ಸ್ಕ್ಯಾನಿಂಗೂ ಅಲ್ಟ್ರಾಸೌಂಡೇ, ಆದರೆ ಅದರ ತೀವ್ರತೆ ಚದರ ಸೆಂಟಿಮೀಟರಿಗೆ ಸರಾಸರಿ 1 ವ್ಯಾಟ್‌ಗಿಂತ ಕಡಿಮೆ. ಇಲ್ಲಿ ಸಂಗಮ ಬಿಂದುವಿನಲ್ಲಿ ಸಾವಿರಾರು ವ್ಯಾಟ್. ಈ ಅಂತರ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ನಾನು ಕೆಲಸ ಕಲಿಯುವಾಗ ನಮ್ಮ ಹಿರಿಯ ಸಂಪಾದಕರು ಬಿದ್ರಿ ಕಲೆಯ ಬಗ್ಗೆ ಬರೆಯಲು ಬೀದರಿಗೆ ಕಳಿಸಿದ್ದರು. ಸತು–ತಾಮ್ರದ ಪಾತ್ರೆಗೆ ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ದ್ರಾವಣದಲ್ಲಿ ಅದ್ದುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಹೊರಡುವ ಮೊದಲು ಅವರು ಹೇಳಿದ್ದು ಇಷ್ಟೇ: "ಎಲ್ಲಿ ಕಪ್ಪಾಗ್ತದ, ಎಲ್ಲಿ ಆಗಂಗಿಲ್ಲ, ಅದನ್ನ ಮೊದಲ ಬರಿ ತಮ್ಮಾ. ಚಂದ ಅದ ಅನ್ನೋದು ಓದೋರು ಹೇಳ್ತಾರ." ಇವತ್ತಿಗೂ ಯಾವ ಹಸ್ತಪ್ರತಿ ಬಂದರೂ ನಾನು ಮೊದಲು ಹುಡುಕುವುದು ಅದನ್ನೇ.

ಎರಡನೆಯ ವಾಕ್ಯ: "ಶಬ್ದದ ಕಾವಿಗೆ ನೀರು ಕುದಿದು ಗುಳ್ಳೆಗಳೇಳುತ್ತವೆ."

ಗುಳ್ಳೆ ಏಳಲು ಕಾವೇ ಬೇಕಿಲ್ಲ, ತಣ್ಣೀರಿನಲ್ಲೂ ಏಳುತ್ತದೆ. ಅಲೆ ಸಾಗುವಾಗ ಒತ್ತಡ ಏರುತ್ತದೆ, ಇಳಿಯುತ್ತದೆ. ತೀರ ಇಳಿದ ಕ್ಷಣ ದ್ರವ ಸೀಳಿಕೊಂಡು ಗುಳ್ಳೆಯಾಗುತ್ತದೆ. ಒತ್ತಡ ಮರಳಿದಾಗ ಗುಳ್ಳೆ ಕುಸಿಯುತ್ತದೆ. ಕುಸಿಯುವ ಆ ಗಳಿಗೆ ಒಳಗೆ ಸಾವಿರಾರು ಡಿಗ್ರಿ, ಹೊರಗಿನ ನೀರು ಮಾತ್ರ ತಣ್ಣಗೇ ಇರಬಲ್ಲದು! ಇದೇ ಕ್ಯಾವಿಟೇಶನ್. ಸಂಗಮ ಬಿಂದುವಿನಲ್ಲಿ ನಿಜವಾಗಿ ಕುದಿಯುವುದೂ ಉಂಟು, ಆದರೆ ಅದು ಬೇರೆ ಪ್ರಕ್ರಿಯೆ. ಎರಡನ್ನೂ ಒಂದೇ ಮಾಡಿದರೆ ಹಿಸ್ಟೋಟ್ರಿಪ್ಸಿ ಎಂಬ ಇನ್ನೊಂದು ಅಲ್ಟ್ರಾಸೌಂಡ್ ಚಿಕಿತ್ಸೆ ಓದುಗರಿಗೆ ಅರ್ಥವೇ ಆಗದು. ಅದು ಊತಕವನ್ನು ಬೇಯಿಸುವುದಿಲ್ಲ, ಗುಳ್ಳೆಗಳ ಹೊಡೆತದಿಂದ ಪುಡಿಗಟ್ಟುತ್ತದೆ. ಯಕೃತ್ತಿನ ಗಡ್ಡೆಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಅನುಮತಿ ಕೊಟ್ಟದ್ದು 2023ರ ಅಕ್ಟೋಬರಿನಲ್ಲಿ.

ಈ ಎರಡು ಪ್ಯಾರಾ ಮತ್ತೆ ಬರೆದು ಕಳಿಸಿ. ಜೊತೆಗೆ ಶ್ವಾಸಕೋಶ, ಕರುಳಿನಲ್ಲಿ ಗಾಳಿ ಎದುರಾದರೆ ಅಲೆ ಏಕೆ ಹಿಂದಕ್ಕೆ ಪುಟಿಯುತ್ತದೆ ಎಂಬುದನ್ನೂ ಸೇರಿಸಿ. ಉಳಿದ ಪುಟಗಳ ಮಾತು ಆಮೇಲೆ.